ಲೇತ್ ಬಂದ ಶುಕ್ರವಾರ

"ಬಂತು ಮಾರಾಯ್ರೆ, ಬಂತು!" ಎಂದು ಪೃಥ್ವಿರಾಜ್ ಫೋನಿನಲ್ಲಿ ಕೂಗಿದ ರಭಸಕ್ಕೆ ಶಾಮಸುಂದರ ರಿಸೀವರನ್ನು ಕಿವಿಯಿಂದ ದೂರ ಹಿಡಿದ. ಅರ್ಧ ಗಡ್ಡ ಹೆರೆದಾಗಿತ್ತು. ಉಳಿದರ್ಧದ ಮೇಲಿನ ನೊರೆ ರಿಸೀವರಿಗೆ ಮೆತ್ತಿಕೊಂಡಿತು. "ನಿನ್ನೆ ಸಂಜೆ ಲಾರಿಯವ ಇಳಿಸಿ ಹೋದ. ಪೆಟ್ಟಿಗೆ ಒಡೆದಿಲ್ಲ, ಆಯ್ತಾ? ನೀವು ಬಂದ ಮೇಲೆಯೇ ಒಡೆಯುವುದು. ಮೇಡಮ್ಮನ್ನೂ ಕರ್ಕೊಂಡು ಬನ್ನಿ. ಸಮೀಕ್ಷಾ ನಿಮಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡ್ತಾಳಂತೆ. ಯಲ್ಲಾ, ಬೇಗ!" "ಅಬ್ಬ, ಕೊನೆಗೂ ಬಂತಲ್ಲ" ಎಂದ ಶಾಮಸುಂದರ. ತನ್ನ ದನಿಯಲ್ಲಿ ಸಂತೋಷ ಉಕ್ಕಿದ್ದು ಅವನಿಗೇ ಕೇಳಿಸಿತು. ನಟನೆಯೇನಲ್ಲ, ನಿಜವಾದ ಸಂತೋಷವೇ. ಯಾವುದರ ಸಂತೋಷ ಎಂದು ಮಾತ್ರ ಅವನು ಕೆದಕಲು ಹೋಗಲಿಲ್ಲ. ಕನ್ನಡಿಯ ಮುಂದೆ ಬಂದು ನಿಂತು, ಒಣಗತೊಡಗಿದ್ದ ನೊರೆಗೆ ನೀರು ಸವರಿಕೊಂಡ. ಹೊರಗೆ ದುಬೈಯ ಕರಾಮದ ಬೀದಿ ಶುಕ್ರವಾರದ ಸೋಮಾರಿತನದಲ್ಲಿತ್ತು. ಕೆಳಗಿನ ಹೋಟೆಲಿನಿಂದ ದೋಸೆಯ ಹೊಗೆ ಮೇಲೇರಿ ಬಚ್ಚಲಿನ ಕಿಟಕಿಯವರೆಗೂ ಬರುತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಪ್ರಾರ್ಥನಾ ಏನನ್ನೋ ಹುರಿಯುತ್ತಿದ್ದಳು. "ಲೇತ್ ಬಂತಂತೆ ಕಣೇ" ಎಂದು ಅವನು ಕೂಗಿ ಹೇಳಿದ. ಹುರಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಆ ವರ್ಷ ಇರಾಕಿನ ಯುದ್ಧದಿಂದ ಹಡಗುಗಳ ಲೆಕ್ಕಾಚಾರವೆಲ್ಲ ತಲೆಕೆಳಗಾಗಿತ್ತು. ಇಂಗ್ಲೆಂಡಿನಿಂದ ಬರಬೇಕಿದ್ದ ಆ ಯಂತ್ರ ಎಲ್ಲಿದೆಯೆಂದು ತರಿಸುತ್ತಿದ್ದ ದೇರಾದ ಅಂಗಡಿಯವನಿಗೂ ತಿಳಿದಿರಲಿಲ್ಲ. ಕೇಳಿದಾಗಲೆಲ್ಲ ಅವನು "ಮುಂದಿನ ವಾರ, ಇನ್‌ಶಾ ಅಲ್ಲಾ" ಎನ್ನುತ್ತಿದ್ದ. ಮರದ ತುಂಡನ್ನು ಗಿರಗಿರನೆ ತಿರುಗಿಸುವ ಯಂತ್ರ ಅದು. ತಿರುಗುವ ಮರಕ್ಕೆ ಉಳಿ ಹಿಡಿದರೆ ಬಟ್ಟಲೋ ಬುಗುರಿಯೋ ಮಂಚದ ಕಾಲೋ ಕಡೆದುಕೊಂಡು ಬರುತ್ತದೆ. ಅಬುಧಾಬಿ ಬಳಿಯ ಬನಿಯಾಸ್‌ನಲ್ಲಿ ಪೃಥ್ವಿರಾಜನ ವಿಲ್ಲಾದ ಹಿಂದಿನ ತಗಡಿನ ಶೆಡ್ಡಿನಲ್ಲಿ ಪ್ರತಿ ಶುಕ್ರವಾರ ಸೇರುತ್ತಿದ್ದ ನಾಲ್ವರಿಗೂ ಅದರದೇ ಕನಸು. ನಾಲ್ವರಲ್ಲಿ ಯಾರೂ ಕಸುಬಿನ ಬಡಗಿಗಳಲ್ಲ. ಉಡುಪಿ ಕಡೆಯ ಪೃಥ್ವಿರಾಜ್ ಕಟ್ಟಡಗಳಿಗೆ ಏಸಿ ಕೂರಿಸುವ ಕಾಂಟ್ರಾಕ್ಟರು. ಅವನ ಊರಿನವರೇ ಆದ ಶೀನಪ್ಪ, ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯರು, ಯಾವುದೋ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬಂಟ್ವಾಳದ ಕಾಸಿಂನದು ಟೈರ್ ಅಂಗಡಿ. ಇನ್ನು ಮೈಸೂರಿನ ಶಾಮಸುಂದರ, ದುಬೈಯ ಒಂದು ವಿಮಾ ಕಚೇರಿಯಲ್ಲಿ ಅಪಘಾತದ ಕ್ಲೇಮುಗಳನ್ನು ಓದಿ ಸಹಿ ಹಾಕುವವನು. ವಾರವೆಲ್ಲ ಒಣಗಿದ ಬದುಕಿಗೆ ಶುಕ್ರವಾರದ ಮರದ ವಾಸನೆ ಅವರಿಗೆ ಬೇಕಾಗಿತ್ತು. ತಮ್ಮ ಗುಂಪನ್ನು ಅವರು ಹೊಟ್ಟು ಸಂಘ ಎಂದು ಕರೆದುಕೊಂಡಿದ್ದರು, ಕೊನೆಗೆ ಉಳಿಯುವುದು ಮರದ ಹೊಟ್ಟೊಂದೇ ಎಂದು. ಲೇತ್ ತಡವಾದಷ್ಟೂ ತಮಾಷೆ ಬೆಳೆಯಿತು. "ಹೆಣ್ಣು ನೋಡಿ ಆಗಿದೆ, ತಾಂಬೂಲವೂ ಆಗಿದೆ, ದಿಬ್ಬಣವೇ ಹೊರಡ್ಲಿಲ್ಲ" ಎಂದು ಪೃಥ್ವಿರಾಜ್. "ಹಡಗಿನಲ್ಲಿ ಎಲ್ಲಿ ಬರ್ತದೆ ಅದು? ಈಜಿಕೊಂಡು ಬರ್ತಾ ಉಂಟು" ಎಂದು ಕಾಸಿಂ. "ನಾನು ಸತ್ತ ಮೇಲೆ ಬಂದರೆ ನನ್ನ ಚಟ್ಟಕ್ಕಾದರೂ ಚಂದದ ಕಾಲು ಕಡೆಯಿರಿ" ಎಂದು ಶೀನಪ್ಪ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಶಾಮಸುಂದರ. ಅವನಿಗೆ ತಮಾಷೆ ಕಟ್ಟಲು ಬರುತ್ತಿರಲಿಲ್ಲ, ನಗಲು ಬರುತ್ತಿತ್ತು.

ಅವತ್ತೂ ಅವನು ನಕ್ಕಿದ್ದ. ಅದನ್ನೇ ಅವನು ನುಂಗಲಾರದೆ ಹೋದದ್ದು. ಸೆಖೆ ಏರತೊಡಗಿದ ತಿಂಗಳ ಒಂದು ಮಧ್ಯಾಹ್ನ, ಶೆಡ್ಡಿನ ಬಾಗಿಲಿಗೆ ನಾಲ್ಕು ಕುರ್ಚಿ ಎಳೆದುಕೊಂಡು ಚಹಾ ಕುಡಿಯುತ್ತಿದ್ದರು. ಲೇತಿನ ಮಾತು ಬಂತು. ಪೃಥ್ವಿರಾಜ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ಏನೂ ವಿಶೇಷವಿಲ್ಲವೆನ್ನುವ ಹಾಗೆ, "ಇದು ಈಗ ನಮ್ಮ ಶಾಮಣ್ಣನ ಕೇಸಿನ ಹಾಗೇ ಆಯ್ತು ನೋಡಿ" ಎಂದ. "ಆರ್ಡರ್ ಕೊಟ್ಟಾಗಿದೆ, ಡೆಲಿವರಿ ಇಲ್ಲ. ವಿಚಾರಿಸಿದ್ರೆ ಎಂತ ಗೊತ್ತುಂಟಾ? ಗೋಡೌನ್ ಸರಿ ಉಂಟಂತೆ ಮಾರಾಯ್ರೆ. ಫ್ಯಾಕ್ಟರಿಯಲ್ಲೇ ಮಾಲಿಲ್ಲ!" ಕಾಸಿಂ ಚಹಾ ಉಗಿದುಕೊಂಡ. ಶೀನಪ್ಪ "ಛೆ, ಎಂಚಿನ ಪಾತೆರ ಅದು" ಎಂದು ತುಳುವಿನಲ್ಲಿ ಗದರುತ್ತಲೇ ನಗು ತಡೆಯಲಾರದೆ ಮುಖ ತಿರುಗಿಸಿದರು. ಶಾಮಸುಂದರನ ಬಾಯಿ, ಅವನನ್ನು ಕೇಳದೆ, ಯಾವತ್ತಿನ ಹಾಗೆ ತೆರೆದುಕೊಂಡು ಹಹ್ಹಹ್ಹ ಎಂದಿತು. ನಗುತ್ತಲೇ ಅವನು ಅಡುಗೆಮನೆಯ ಹಿಂಬಾಗಿಲ ಕಡೆ ನೋಡಿದ. ಪ್ರಾರ್ಥನಾ ಮತ್ತು ಪೃಥ್ವಿರಾಜನ ಹೆಂಡತಿ ಸಮೀಕ್ಷಾ ಕರಿದ ಬಾಳೆಕಾಯಿ ಪೋಡಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಸಮೀಕ್ಷಾ ತಲೆ ತಗ್ಗಿಸಿದಳು. ಪ್ರಾರ್ಥನಾ ತಗ್ಗಿಸಲಿಲ್ಲ. ಗಂಡ ನಗುವುದನ್ನೇ ನೋಡುತ್ತ ನಿಂತಿದ್ದಳು.

ಆ ಗುಟ್ಟನ್ನು ಪೃಥ್ವಿರಾಜನಿಗೆ ಹೇಳಿದವನು ಶಾಮಸುಂದರನೇ. ಅದಕ್ಕೂ ಹಿಂದಿನ ಚಳಿಗಾಲದಲ್ಲಿ, ಅಬುಧಾಬಿ ದಾರಿಯಲ್ಲಿ, ದಟ್ಟ ಮಂಜಿಗೆ ಹೆದರಿ ಕಾರನ್ನು ಬದಿಗೆ ನಿಲ್ಲಿಸಿಕೊಂಡು ಇಬ್ಬರೇ ಕೂತಿದ್ದಾಗ. ಎದುರಿನ ಗಾಜಿನ ಆಚೆ ಪ್ರಪಂಚವೇ ಇರಲಿಲ್ಲ. ಆ ಬಿಳುಪಿನಲ್ಲಿ ಏನು ಹೇಳಿದರೂ ಅಲ್ಲೇ ಕರಗಿಹೋಗುತ್ತದೆಂದು ತೋರಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗಲಿಲ್ಲ, ಪರೀಕ್ಷೆ ಮಾಡಿಸಿದೆವು, ಅವಳದೇನೂ ಇಲ್ಲ, ನನ್ನದೇ, ಔಷಧಿಯಿಂದಲೂ ಸರಿಹೋಗುವುದಲ್ಲವಂತೆ ಎಂದು ಅವನು ಸ್ಟೀರಿಂಗಿಗೆ ಹೇಳುವ ಹಾಗೆ ಹೇಳಿದ್ದ. ಪೃಥ್ವಿರಾಜ್ ಅವನ ಹೆಗಲ ಮೇಲೆ ಕೈಯಿಟ್ಟಿದ್ದ. "ನನ್ನ ಹತ್ತಿರ ಹೇಳಿದ್ದು ಒಳ್ಳೇದಾಯ್ತು ಶಾಮಣ್ಣ" ಎಂದಿದ್ದ. ಆ ಕೈಯ ಬಿಸಿ ಈಗಲೂ ಹೆಗಲಿನಲ್ಲಿದೆ. ಮತ್ತೆ ಮತ್ತೆ ಅದೇ ಕೈ ಬಿಸ್ಕತ್ತು ಅದ್ದುವುದು ಕಾಣುತ್ತದೆ. ಸುಳ್ಳು ಹೇಳಿದ್ದರೆ ಅವನನ್ನು ಕ್ಷಮಿಸಬಹುದಿತ್ತೋ ಏನೋ. ಅವನು ಹೇಳಿದ್ದು ನಿಜ. ಶಾಮಸುಂದರ ತನ್ನ ಹೆತ್ತ ತಾಯಿಗೂ ಹೇಳದಿದ್ದ ನಿಜ. ಹಿಂದಿನ ವರ್ಷ ಅಮ್ಮ ಬಂದು ಕರಾಮದ ಮನೆಯಲ್ಲಿ ಉಳಿದಿದ್ದಾಗ ಸೊಸೆಗೆ ಬೆಳಗಾಗೆದ್ದು ಯಾವುದೋ ಕಷಾಯ ಕುಡಿಸಿದ್ದರು, ಮಂಗಳವಾರದ ಉಪವಾಸ ಹಿಡಿಸಿದ್ದರು, ಊರಿನ ಫೋನುಗಳಿಗೆಲ್ಲ "ಅವಳಿಗೆ ಆಗೋದಿಲ್ಲವಂತೆ ಕಣೇ, ನನ್ನ ಮಗನ ಹಣೆಬರಹ" ಎಂದು ಪ್ರಾರ್ಥನಾಳಿಗೆ ಕೇಳುವ ಹಾಗೇ ಹೇಳಿದ್ದರು. ಶಾಮಸುಂದರ ಪೇಪರು ಓದುತ್ತಿದ್ದ. ಪ್ರಾರ್ಥನಾ ಕಷಾಯವನ್ನು ಒಂದೇ ಗುಟುಕಿಗೆ ಕುಡಿದು ಲೋಟ ತೊಳೆದಿಟ್ಟಿದ್ದಳು. ಅವಳು ಬಾಯಿ ಬಿಡಲಿಲ್ಲವಾದ್ದರಿಂದ ಅವಳದು ಒಪ್ಪಿಗೆಯೇ ಎಂದು ಅವನು ತಿಳಿದುಕೊಂಡಿದ್ದ. ಗಂಡಹೆಂಡಿರ ನಡುವೆ ಎಲ್ಲವನ್ನೂ ಆಡಿ ತೋರಿಸಬೇಕೇ ಎಂದು ಅದಕ್ಕೊಂದು ದೊಡ್ಡ ಸಮರ್ಥನೆಯನ್ನೂ ಕೊಟ್ಟುಕೊಂಡಿದ್ದ.

ಆಗ ಮನೆಯ ಬಾಲ್ಕನಿಯ ಮೂಲೆಯಲ್ಲಿ ಒಂದು ಬೇವಿನ ತುಂಡು ಇತ್ತು. ಪಕ್ಕದ ಬೀದಿಯಲ್ಲಿ ಹೊಸ ಕಟ್ಟಡಕ್ಕಾಗಿ ಒಂದು ಬೇವಿನ ಮರ ಉರುಳಿಸಿದಾಗ ಅವನು ಹೊತ್ತು ತಂದದ್ದು. ಲೇತ್ ಬಂದ ದಿನ ಮೊದಲು ಇದರಲ್ಲೇ ಒಂದು ಬಟ್ಟಲು ಕಡೆಯಬೇಕೆಂದು ಆಸೆಪಟ್ಟಿದ್ದ. ಆದರೆ ಈ ಊರಿನ ಬಿಸಿಲಿಗೆ ಅದು ಒಣಗುತ್ತ ಒಣಗುತ್ತ ಉದ್ದಕ್ಕೆ ಬಿರುಕು ಬಿಟ್ಟಿತು. ನಡುವಿನವರೆಗೂ ಉಗುರು ಹೋಗುವಷ್ಟು ಬಿರುಕು. ಊಟ ಮಾಡುವಾಗ ಅವನು ಪ್ರಾರ್ಥನಾಳಿಗೆ ಬೇಜಾರಿನಿಂದ ಹೇಳಿದ್ದ, "ಇನ್ನು ಅದು ಒಲೆಗೇ ಸೈ. ಬಿರುಕು ಬಿಟ್ಟದ್ದನ್ನ ಲೇತಿಗೆ ಹಾಕಿದರೆ ತಿರುಗೋ ರಭಸಕ್ಕೆ ಎರಡಾಗಿ ಗುಂಡಿನ ಹಾಗೆ ಹಾರುತ್ತೆ. ಮುಂದೆ ನಿಂತವನ ತಲೆ ಉಳಿಯಲ್ಲ." ಅವಳು ಅನ್ನಕ್ಕೆ ಮಜ್ಜಿಗೆ ಕಲಸುತ್ತ ಹೂಂ ಎಂದಿದ್ದಳು. ಅದು ತಮಾಷೆಯ ಶುಕ್ರವಾರಕ್ಕೆ ಮುಂಚಿನ ಮಾತು. ಅದಾದ ಮೇಲೆ, ವಾರದ ನಡುವೆ ಒಂದು ರಜೆ ಬಂದಾಗ, ಬಾಲ್ಕನಿಯಲ್ಲಿ ಕೂತು ಅವನು ಆ ತುಂಡನ್ನು ಮಡಿಲಿಗೆ ಎಳೆದುಕೊಂಡ. ಬೇವಿನದೇ ಹೊಟ್ಟನ್ನು ಅಂಟಿನಲ್ಲಿ ಕಲಸಿ ಬಿರುಕಿನ ಬಾಯಿಗೆ ಮಾತ್ರ ತುಂಬಿದ. ಒಳಗೆ ಹಾಗೇ ಟೊಳ್ಳು ಬಿಟ್ಟ. ಉಜ್ಜುಕಾಗದದಿಂದ ಉಜ್ಜಿದ, ಮೇಲೆ ಮೇಣ ಸವರಿದ. ರಿಪೇರಿ ಮಾಡುತ್ತಿದ್ದೇನೆ, ಚೆಂದದ ಮರವನ್ನು ಬಿಸಾಡಬಾರದು ಎಂದು ಅವನ ತಲೆಯೊಳಗೆ ಯಾರೋ ಸಮಾಧಾನವಾಗಿ ಹೇಳುತ್ತಿದ್ದರು. ಕೈ ಮಾತ್ರ ಅದನ್ನು ನಂಬಿರಲಿಲ್ಲ. ಕಚೇರಿಯಲ್ಲಿ ಅದೆಷ್ಟೋ ಅಪಘಾತಗಳ ವಿವರ ಓದಿದ ಕೈ ಅದು. ಪ್ರಾರ್ಥನಾ ಒಗೆದ ಬಟ್ಟೆ ಒಣಹಾಕಲು ಬಂದಳು. ಹಗ್ಗಕ್ಕೆ ಅವನ ಅಂಗಿ ಹಾಕಿ ಕ್ಲಿಪ್ಪು ಸಿಕ್ಕಿಸಿ, ತುಂಡನ್ನು ಒಮ್ಮೆ ನೋಡಿ, "ಗೊತ್ತೇ ಆಗೋಲ್ಲ ಅಲ್ವಾ?" ಎಂದಳು. "ಹೂಂ, ಗೊತ್ತಾಗಲ್ಲ" ಎಂದ ಅವನು, ಹೆಮ್ಮೆಯಿಂದ.

ಲೇತ್ ಬಂದ ಈ ಶುಕ್ರವಾರ ಬನಿಯಾಸ್‌ಗೆ ಹೋಗುವ ದಾರಿಯುದ್ದಕ್ಕೂ ತುಂಡು ಡಿಕ್ಕಿಯಲ್ಲಿ ಆಗೊಮ್ಮೆ ಈಗೊಮ್ಮೆ ಉರುಳುತ್ತಿತ್ತು. ಚೀಲದಲ್ಲಿ ಸುತ್ತಿಟ್ಟಿದ್ದರೂ ಸದ್ದು ಕೇಳುತ್ತಿತ್ತು. ಮರಳು ಗಾಳಿಗೆ ಎದ್ದು ರಸ್ತೆಯ ಮೇಲೆ ಹಾವಿನ ಹಾಗೆ ಹರಿದು ಹೋಗುತ್ತಿತ್ತು. ಪ್ರಾರ್ಥನಾ ಹುರಿದ ಅವಲಕ್ಕಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಪೃಥ್ವಿರಾಜ್ ಸಾಯುವುದು ಬೇಡ ಎಂದು ಶಾಮಸುಂದರ ಯೋಚಿಸುತ್ತಿದ್ದ. ಸಾಯುವಂಥದ್ದೇನೂ ಆಗುವುದಿಲ್ಲ, ಹೆದರಬೇಕು ಅಷ್ಟೆ, ಆ ನಗುವ ಮುಖ ಒಮ್ಮೆ ಬೆಳ್ಳಗಾಗಬೇಕು, ಎಲ್ಲರೆದುರು ಅವನು ಕುಸಿದು ಕೂರಬೇಕು, ಚಡ್ಡಿ ಒದ್ದೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮರುಕ್ಷಣ, ಇಲ್ಲ, ರಕ್ತ ಬರಬೇಕು ಎಂದು ಅನ್ನಿಸಿತು. ವರ್ಷಗಳಿಂದ ಅವನು ಇಷ್ಟು ಸ್ಪಷ್ಟವಾಗಿ ಏನನ್ನೂ ಬಯಸಿರಲಿಲ್ಲ. ಹಸಿವಾದ ಹಾಗಾಗಿ, "ಒಂದು ಹಿಡಿ ಅವಲಕ್ಕಿ ಕೊಡು" ಎಂದ. ಅವಳು ಡಬ್ಬಿ ತೆರೆದು ಅಂಗೈಗೆ ಸುರಿದಳು. "ಆ ಬೇವಿನ ತುಂಡು ತಂದ್ರಾ?" ಎಂದು ಕೇಳಿದಳು. "ತಂದಿದ್ದೀನಿ. ಮೊದಲು ಅದನ್ನೇ ಹಾಕೋಣ ಅಂತ." "ಸರಿ" ಎಂದು ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು.

ಶೆಡ್ಡಿನ ಮುಂದೆ ಮದುವೆಮನೆಯ ಗದ್ದಲ. ಪೆಟ್ಟಿಗೆಗೆ ಪೃಥ್ವಿರಾಜ್ ಮಲ್ಲಿಗೆಯ ಮಾಲೆ ಹಾಕಿದ್ದ, ಶೀನಪ್ಪ ಅರಿಶಿನ ಕುಂಕುಮ ಹಚ್ಚಿದ್ದರು. ಕಾಸಿಂ ಕಬ್ಬಿಣದ ಸಲಾಕೆಯಿಂದ ಹಲಗೆ ಎಬ್ಬಿಸುತ್ತ "ಒಳಗೆ ಮದುಮಗಳು ಉಂಟೋ ಇಲ್ಲ ಅವಳ ಅಜ್ಜಿಯೋ" ಎಂದ. "ಮುಸುಕು ತೆಗೆಯುವ ಹಕ್ಕು ಗಂಡಿನದ್ದು, ನೀವು ಸರೀರಿ" ಎಂದು ಪೃಥ್ವಿರಾಜ್ ಅವನನ್ನು ತಳ್ಳಿದ. ಹಸಿರು ಬಣ್ಣದ ಯಂತ್ರ ಹೊರಬಂದು ಬೆಂಚಿನ ಮೇಲೆ ಕೂತು, ಬೋಲ್ಟು ಬಿಗಿದು, ಸ್ವಿಚ್ಚು ಒತ್ತಿದಾಗ ಬರೇ ಗುಂಯ್ ಎಂಬ ಒಂದು ಮೆಲುದನಿ ಎದ್ದಿತು. ನಾಲ್ವರೂ ಮಾತು ನಿಲ್ಲಿಸಿ ಆ ದನಿ ಕೇಳಿದರು. ಆ ಒಂದು ಗಳಿಗೆಯಲ್ಲಿ ಶಾಮಸುಂದರನಿಗೆ ಪೃಥ್ವಿರಾಜನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಶೀನಪ್ಪನ ಕಣ್ಣು ಒದ್ದೆಯಾಗಿದ್ದವು. ಎಂಥ ಒಳ್ಳೆಯ ಜನ ಇವರು, ಎಂದು ಅವನಿಗೆ ಅನ್ನಿಸಿತು. ತಾನು ತಂದ ಚೀಲ ಕಾಲ ಬಳಿ ಇತ್ತು. ಅದನ್ನು ಹಾಗೇ ಡಿಕ್ಕಿಗೆ ವಾಪಸು ಇಟ್ಟುಬರಬಹುದಿತ್ತು. ಅಷ್ಟರಲ್ಲಿ ಪೃಥ್ವಿರಾಜ್ ಬಗ್ಗಿ ಚೀಲ ಎತ್ತಿ ತುಂಡನ್ನು ಹೊರಗೆ ತೆಗೆದು "ಅಯ್ಯೋ ದೇವರೇ, ಎಂಥ ಚಂದ ಉಂಟು ಮಾರಾಯ್ರೆ ಇದು!" ಎಂದು ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ತೋರಿಸಿದ. "ಶಾಮಣ್ಣ, ಇದರಲ್ಲಿ ಮೊದಲ ಬಟ್ಟಲು. ನೀವೇ ಕಡೆಯಬೇಕು. ನಿಮ್ಮಷ್ಟು ಆಸೆಪಟ್ಟವರು ಯಾರೂ ಇಲ್ಲ."

ಶಾಮಸುಂದರ ಇದನ್ನು ಎಣಿಸಿರಲಿಲ್ಲ. "ಬೇಡಪ್ಪ, ನಿಮ್ಮ ಮನೆ, ನಿಮ್ಮ ಲೇತ್. ನೀವೇ ಶುರು ಮಾಡಿ" ಎಂದ. "ಎಂತ ನಿಮ್ಮದು ನಮ್ಮದು? ಬನ್ನಿ ಬನ್ನಿ." ಶೀನಪ್ಪನೂ "ಹೋಗಿ ಶಾಮಣ್ಣ" ಎಂದರು. ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಪ್ರಾರ್ಥನಾ ಎಂದೂ ಗಂಡಸರ ಮಾತಿನ ನಡುವೆ ಬರುವವಳಲ್ಲ. ಅವತ್ತು ಎಲ್ಲರಿಗೂ ಕೇಳುವ ಹಾಗೆ, "ನೀವೇ ಮಾಡ್ರೀ. ಇಷ್ಟು ದಿನದಿಂದ ಕಾಯ್ತಾ ಇದ್ದೀರಲ್ಲ" ಎಂದಳು. ಅವಳ ದನಿಯಲ್ಲಿ ಅಂಥ ಅಕ್ಕರೆಯನ್ನು ಕೇಳಿ ಅವನಿಗೆ ಒಂದು ಕ್ಷಣ ಕಕ್ಕಾಬಿಕ್ಕಿಯಾಯಿತು. "ನನ್ನ ಬಲಗೈ ನೋವು" ಎಂದು ಸುಳ್ಳು ಹೇಳಿದ, ಮಣಿಕಟ್ಟು ಹಿಡಿದು ತೋರಿಸಿದ. ಪೃಥ್ವಿರಾಜ್ ನಕ್ಕ. "ಶಾಮಣ್ಣನಿಗೆ ಮೆಷಿನ್ ಅಂದ್ರೆ ಹೆದರಿಕೆ. ಆಯ್ತು, ನಾನೇ ಕಡೀತೇನೆ. ಆದರೆ ಬಟ್ಟಲು ಪ್ರಾರ್ಥನಾ ಮೇಡಮ್ಮಿಗೆ, ಖಲಾಸ್, ಇದರಲ್ಲಿ ಮಾತಿಲ್ಲ" ಎಂದು ತುಂಡನ್ನು ಯಂತ್ರದ ತಟ್ಟೆಗೆ ಕೂರಿಸಿ ತಿರುಪು ಬಿಗಿಯತೊಡಗಿದ. ಶಾಮಸುಂದರ ಅವನ ಬೆವರಿದ ಕತ್ತನ್ನು ನೋಡಿದ. ಬಟ್ಟಲು ಪ್ರಾರ್ಥನಾಳಿಗೆ ಎಂದನಲ್ಲ. ಬೇಡ, ಹೇಳಿಬಿಡುತ್ತೇನೆ, ಬಿರುಕಿದೆ ಎಂದುಬಿಡುತ್ತೇನೆ, ಈಗ ನೆನಪಾಯಿತು ಎಂದರೆ ಆಯಿತು. "ಪೃಥ್ವೀ" ಎಂದು ಬಾಯಿ ತೆರೆದ. ಪೃಥ್ವಿರಾಜ್ ಮುಖಕ್ಕೆ ಹಾಕಿಕೊಂಡಿದ್ದ ಪಾರದರ್ಶಕ ಗುರಾಣಿಯನ್ನು ಮೇಲೆತ್ತಿ, ಬಾಸಿಂಗದ ಹಾಗೆ ಹಣೆಯ ಮೇಲಿಟ್ಟುಕೊಂಡು ಇತ್ತ ತಿರುಗಿದ. ಸ್ವಿಚ್ಚು ಒತ್ತಿಯಾಗಿತ್ತು. ಬೇವು ತಿರುಗುತ್ತಿತ್ತು. "ನೋಡಿ ಶಾಮಣ್ಣ," ಎಂದ ಅವನು ಕಣ್ಣು ಮಿಟುಕಿಸಿ, ಸದ್ದಿಗಿಂತ ಜೋರಾಗಿ, "ಮೋಟಾರ್ ಅಂದ್ರೆ ಹೀಗಿರಬೇಕು!" ಕಾಸಿಂ ನಕ್ಕ. ಶಾಮಸುಂದರನ ಬಾಯಿ ಮುಚ್ಚಿಕೊಂಡಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಪೃಥ್ವಿರಾಜ್ ಗುರಾಣಿ ಇಳಿಸುವುದನ್ನು ಮರೆತು ಉಳಿಯನ್ನು ಮರಕ್ಕೆ ತಾಗಿಸಿದ. ಬಿಳಿ ಸುರುಳಿಗಳು ಚಿಮ್ಮಿದವು, ಬೇವಿನ ಕಹಿ ವಾಸನೆ ಶೆಡ್ಡಿನಲ್ಲಿ ತುಂಬಿತು, ಆಮೇಲೆ ಬಾಗಿಲು ಬಡಿದಂಥ ಒಂದು ಸದ್ದಾಯಿತು.

ಅರ್ಧ ತುಂಡು ತಗಡಿನ ಚಾವಣಿಗೆ ಬಡಿದು ಬಿತ್ತು. ಇನ್ನರ್ಧ ಪೃಥ್ವಿರಾಜನ ದವಡೆಗೆ ಬಡಿದಿತ್ತು. ಅವನು ಬೀಳಲಿಲ್ಲ. ನಿಂತೇ ಇದ್ದ, ಬಾಯಿಗೆ ಎರಡೂ ಕೈ ಒಡ್ಡಿ, ಅದರಲ್ಲಿ ತುಂಬುತ್ತಿರುವುದೇನು ಎಂದು ನೋಡುವವನ ಹಾಗೆ. ಸಮೀಕ್ಷಾ ಚೀರಿದಳು. ಶೀನಪ್ಪ ಪ್ಲಗ್ಗು ಕಿತ್ತರು. ಎಲ್ಲರಿಗಿಂತ ಮೊದಲು ಓಡಿಹೋಗಿ ಅವನನ್ನು ಹಿಡಿದವನು ಶಾಮಸುಂದರ. ಕಾರು ಓಡಿಸಿದವನೂ ಅವನೇ. ಆಸ್ಪತ್ರೆಯವರೆಗೂ ಹಿಂದಿನ ಸೀಟಿನಲ್ಲಿ ಶೀನಪ್ಪನ ಮಡಿಲಲ್ಲಿದ್ದ ಪೃಥ್ವಿರಾಜ್ ಒಂದು ಕೈ ಮುಂದೆ ಚಾಚಿ ಶಾಮಸುಂದರನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದ, ಬಿಡಲೇ ಇಲ್ಲ. ದವಡೆ ಎರಡು ಕಡೆ ಮುರಿದಿತ್ತು, ಹಲ್ಲುಗಳು ಹೋಗಿದ್ದವು, ನಾಲಗೆಗೆ ಹೊಲಿಗೆ ಬಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಪೊಲೀಸಿನವನು ಬಂದು ಹೇಗಾಯಿತೆಂದು ಕೇಳಿದಾಗ ಪೃಥ್ವಿರಾಜ್ ರಕ್ತದ ಬ್ಯಾಂಡೇಜಿನೊಳಗಿಂದ ಶಾಮಸುಂದರನನ್ನು ತೋರಿಸಿ ಎದೆಯ ಮೇಲೆ ಕೈಯಿಟ್ಟುಕೊಂಡ, ಇವನು ನನ್ನವನು, ಎನ್ನುವ ಹಾಗೆ. ಶೀನಪ್ಪ "ಈ ಊರಿನ ಬಿಸಿಲಿಗೆ ಮರ ಒಳಗಿಂದೊಳಗೇ ಸೀಳಿರ್ತದೆ ಸಾರ್, ಯಾರಿಗೆ ಗೊತ್ತಾಗ್ತದೆ" ಎಂದು ಹಿಂದಿಯಲ್ಲಿ ವಿವರಿಸಿದರು. ಕಾರಿಡಾರಿನ ಕುರ್ಚಿಯಲ್ಲಿ ಕೂತ ಶಾಮಸುಂದರ ತನ್ನೊಳಗೆ ಪಶ್ಚಾತ್ತಾಪಕ್ಕಾಗಿ ಹುಡುಕಿದ. ಆದರೆ ಅಲ್ಲಿ, ಬಹಳ ಕೆಳಗೆ, ಏನೋ ಒಂದು ಹೊಟ್ಟೆ ತುಂಬ ಉಂಡು ಮಲಗಿದ ಹಾಗೆ ತಣ್ಣಗಿತ್ತು.

ದವಡೆಗೆ ತಂತಿ ಬಿಗಿದು ಮನೆಗೆ ಕಳಿಸಿದರು. ಶುಕ್ರವಾರದ ಗುಂಪು ಈಗ ಶೆಡ್ಡಿನ ಬದಲು ಪೃಥ್ವಿರಾಜನ ಹಜಾರದಲ್ಲಿ ಸೇರತೊಡಗಿತು. ಅವನು ಸೋಫಾದಲ್ಲಿ ದಿಂಬಿಗೊರಗಿ ಕೂತು, ಸ್ಟ್ರಾ ಹಾಕಿ ಗಂಜಿಯ ತಿಳಿ ಹೀರುತ್ತಿದ್ದ. ಮಾತಿಲ್ಲ. ಮೊದಮೊದಲು ಮೂವರಿಗೂ ಏನು ಆಡುವುದೆಂದು ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಆ ಶುಕ್ರವಾರಗಳನ್ನು ತುಂಬಿದ್ದು ಒಬ್ಬನದೇ ದನಿ ಎಂದು ಆಗ ಗೊತ್ತಾಯಿತು. ಒಂದು ಶುಕ್ರವಾರ ಕಾಸಿಂ, ಆ ಲೇತನ್ನು ಏನು ಮಾಡುವುದು, ಮಾರಿಬಿಡುವುದಾ, ಎಂದು ಕೇಳಿದ. ಶಾಮಸುಂದರನ ಬಾಯಲ್ಲಿ, ಎಲ್ಲಿಂದಲೋ, ಸಲೀಸಾಗಿ ಮಾತು ಬಂತು. "ಮಾರೋದ್ಯಾಕೆ? ಮೊದಲನೇ ದಿನವೇ ನಮ್ಮ ಗಂಡಿನ ಬಾಯಿ ಮುಚ್ಚಿಸಿದ ಹೆಣ್ಣು ಇನ್ನೆಲ್ಲಿ ಸಿಗ್ತಾಳೆ?" ಕಾಸಿಂ ತಡೆದುಕೊಳ್ಳಲು ನೋಡಿ ಸೋತು ತೊಡೆ ತಟ್ಟಿಕೊಂಡು ನಕ್ಕ. ಶೀನಪ್ಪ ನಕ್ಕರು. ಪೃಥ್ವಿರಾಜನ ಹೆಗಲು ಕುಣಿದವು. ಅವನಿಗೂ ನಗು ಬಂದಿತ್ತು. ನಕ್ಕರೆ ನೋವು, ನಗದಿರಲಾರ, ತಂತಿಯ ಹಿಂದಿನಿಂದ ಹ್ಞೂ ಹ್ಞೂ ಎಂದು ಸದ್ದು ಮಾಡುತ್ತ ಕಣ್ಣಲ್ಲಿ ನೀರು ತುಂಬಿಕೊಂಡ. ಶಾಮಸುಂದರ ಇನ್ನೊಂದು ಹೇಳಿದ. ಅದಕ್ಕೂ ನಕ್ಕರು. ಇದು ಇಷ್ಟು ಸುಲಭವೇ, ಎಂದು ಅವನಿಗೆ ಆಶ್ಚರ್ಯವಾಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದ. ಅಡುಗೆಮನೆಯ ಬಾಗಿಲಿನಿಂದ ಪ್ರಾರ್ಥನಾ ಅವನನ್ನು ನೋಡುತ್ತಿದ್ದಳು.

ವಾಪಸು ಬರುವಾಗ ಇನ್ನೂ ಬಿಸಿಲಿತ್ತು. ಅವನು ಉಲ್ಲಾಸದಿಂದ ಕಾರು ಓಡಿಸುತ್ತಿದ್ದ, ಬೆರಳಿನಿಂದ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಊರು ಹತ್ತಿರವಾಗುತ್ತಿದ್ದಾಗ ಪ್ರಾರ್ಥನಾ, ನಾಳೆ ಯಾವ ತರಕಾರಿ ತರಬೇಕೆಂದು ಹೇಳುವಷ್ಟೇ ಸಾಧಾರಣವಾಗಿ, "ಅದು ನಿಮಗೆ ಬಡಿಯುತ್ತೆ ಅಂದ್ಕೊಂಡಿದ್ದೆ" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಏನು ಎಂದ. "ಆ ತುಂಡು. ನೀವೇ ಹೇಳಿದ್ರಲ್ಲ, ಬಿರುಕು ಬಿಟ್ಟದ್ದು ಗುಂಡಿನ ಹಾಗೆ ಹಾರುತ್ತೆ ಅಂತ. ಬಾಲ್ಕನೀಲಿ ಕೂತು ಮೇಲೆ ಮೇಲೆ ಅಂಟಿಸ್ತಾ ಇದ್ರಿ. ಆಸೆಗೆ ಕಣ್ಣು ಕಟ್ಟಿದೆ, ಮೊದಲನೇ ಬಟ್ಟಲು ಇವರೇ ಕಡೆಯೋಕೆ ಹೋಗ್ತಾರೆ ಅಂದ್ಕೊಂಡೆ." ಅವನ ಕಾಲು ತಾನಾಗಿ ಆಕ್ಸಲರೇಟರಿನ ಮೇಲಿಂದ ಸಡಿಲವಾಯಿತು. ಹಿಂದಿನ ಲಾರಿ ಹಾರನ್ ಬಾರಿಸುತ್ತ ಪಕ್ಕದಿಂದ ಹಾದುಹೋಯಿತು. "ಅವರಿಗೋಸ್ಕರ ಮಾಡಿದ್ದು ಅಂತ ನೀವು ಕೈನೋವು ಅಂದಾಗ ಗೊತ್ತಾಯ್ತು" ಎಂದಳು ಅವಳು. "ಆವಾಗಲೂ ನಾನು ಏನೂ ಹೇಳಲಿಲ್ಲ. ಪಾಪ, ಅವರು ನಿಜ ಹೇಳಿದ್ರು. ಇಷ್ಟು ವರ್ಷದಲ್ಲಿ ದೋಷ ನನ್ನದಲ್ಲ ಅಂತ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ."

"ನನಗೆ ಬಡಿದಿದ್ದರೆ?" ಎಂದು ಅವನು ಕೇಳಿದ. ಕೇಳಬಾರದಿತ್ತು ಎಂದು ಕೇಳುತ್ತಲೇ ತಿಳಿಯಿತು. ಪ್ರಾರ್ಥನಾ ಸೆರಗಿನ ಮೇಲೆ ಬಿದ್ದಿದ್ದ ಒಂದು ದಾರದ ಎಳೆಯನ್ನು ಬೆರಳಿಂದ ಎತ್ತಿ ಕಿಟಕಿಯಾಚೆ ಬಿಟ್ಟಳು. "ನೋಡ್ಕೋತಿದ್ದೆ. ಸಮೀಕ್ಷಾಗಿಂತ ಚೆನ್ನಾಗಿ ನೋಡ್ಕೋತಿದ್ದೆ. ಗಂಜಿ ತಿಳಿ ಮಾಡಿ ಕುಡಿಸ್ತಿದ್ದೆ. ನಿಮಗೆ ಮಾತು ಬರ್ತಿರಲಿಲ್ಲ ಅಷ್ಟೆ." ಕರಾಮದ ತಿರುವಿನಲ್ಲಿ ಮಸೀದಿಯಿಂದ ಹೊರಬಂದ ಜನ ರಸ್ತೆ ದಾಟುತ್ತಿದ್ದರು. ಅವರೆಲ್ಲ ದಾಟುವವರೆಗೂ ಅವನು ಸ್ಟೀರಿಂಗ್ ಹಿಡಿದು ಕಾದ. ಸಿಟ್ಟು ಬರಬೇಕಿತ್ತು. ಪಕ್ಕದಲ್ಲಿ ಕೂತವಳು ತನ್ನ ತಲೆ ಒಡೆಯುವುದನ್ನು ಕಾಯುತ್ತ ಅಂಗಿ ಒಣಹಾಕಿದವಳು, ತನಗೆ ಅವಲಕ್ಕಿ ಕೊಟ್ಟವಳು. ಆದರೆ ಸಿಟ್ಟಿನ ಜಾಗದಲ್ಲಿ ಒಂದು ಬಗೆಯ ಪರಿಚಯ ಮಾತ್ರ ಇತ್ತು. ಇಷ್ಟು ವರ್ಷ ಜೊತೆಗಿದ್ದವಳನ್ನು ಈಗಷ್ಟೇ ನೋಡಿದ ಹಾಗೆ, ಅವಳು ತನಗಿಂತ ಎಷ್ಟೋ ತಾಳ್ಮೆಯವಳು ಎಂದು ಕಂಡುಕೊಂಡ ಹಾಗೆ.

ಕಾರು ನಿಲ್ಲಿಸಲು ಜಾಗ ಹುಡುಕುವುದು ತಡವಾಯಿತು. ಅವಳು ಮೊದಲೇ ಇಳಿದು ಮೇಲೆ ಹೋಗಿದ್ದಳು. ಅವನು ಮೆಟ್ಟಿಲು ಹತ್ತುತ್ತಿದ್ದಾಗ ಒಳಗೆ ಫೋನು ಹೊಡೆದುಕೊಳ್ಳುವುದು ಕೇಳಿಸಿತು. ಶುಕ್ರವಾರ ಈ ಹೊತ್ತಿಗೆ ಅಮ್ಮ ಮೈಸೂರಿನಿಂದ ಮಾಡುವ ಫೋನು. ಅದನ್ನು ಯಾವಾಗಲೂ ತಾನೇ ಎತ್ತುವುದು, ಹೆಂಡತಿ ಅಡುಗೆಮನೆಯಲ್ಲಿದ್ದಾಳೆ ಎನ್ನುವುದು. ಅವನು ಉಳಿದ ಮೆಟ್ಟಿಲುಗಳನ್ನು ಓಡುತ್ತ ಹತ್ತಿದ. ಬಾಗಿಲು ತೆರೆದೇ ಇತ್ತು. ಪ್ರಾರ್ಥನಾ ಹಜಾರದ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು, ಕಾಲು ಮೇಲೆ ಮಡಿಸಿಕೊಂಡು ಆರಾಮಾಗಿ ಕೂತಿದ್ದಳು. ಚಪ್ಪಲಿ ಕೂಡ ಬಿಚ್ಚಿಟ್ಟಿದ್ದಳು. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ ಅವನನ್ನು ನೋಡಿ, ಒಳಗೆ ಬನ್ನಿ ಎನ್ನುವ ಹಾಗೆ ತಲೆಯಾಡಿಸಿದಳು.

"ಇದ್ದಾರೆ ಅತ್ತೆ, ಇಲ್ಲೇ ನಿಂತಿದ್ದಾರೆ" ಎಂದಳು ರಿಸೀವರಿಗೆ. "ಇಲ್ಲ, ಅವರು ಮಾತಾಡಲ್ಲ. ನಾನೇ ಮಾತಾಡ್ತೀನಿ."